ಅಸಲಿಯವರ ಕೊನೆಯ ಯಂತ್ರ

ಅಸಲಿಯವರು ತೀರಿಕೊಂಡ ಸುದ್ದಿ ಬೀದಿಗೆ ತಿಳಿದದ್ದು ಅವರ ಕಾರ್ಖಾನೆಯ ಬಾಗಿಲಿಗೆ ಅಂಟಿಸಿದ ಚೀಟಿಯಿಂದ: "ನಮ್ಮ ಮಾಲೀಕರು ಇಂದು ನಸುಕಿನಲ್ಲಿ ದೈವಾಧೀನರಾದರು. ಕೆಲಸವಿಲ್ಲ." ಸ್ವಲ್ಪ ಹೊತ್ತಿಗೆ ಎದುರು ಬದಿಯ ನಕಲಿಯವರ ಕಾರ್ಖಾನೆಯ ಬಾಗಿಲಿಗೂ ಅದೇ ಚೀಟಿ ಬಿತ್ತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೀಗಾಗಿ ಜನ ಮೊದಲು ಹತ್ತಿರವಿದ್ದ ನಕಲಿಯವರ ಮನೆಗೇ ಹೋಗಿ, ಅವರ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತರು.

"ನಮ್ಮೋರು ಇನ್ನೂ ಇದ್ದಾರೆ," ಎಂದರು ಆಕೆ. "ಒಳಗೆ ಅಂಗಿ ಹಾಕ್ಕೊಳ್ತಿದ್ದಾರೆ. ಆ ಚೀಟಿ ಯಾಕೆ ಅಂತ ನೀವೇ ಕೇಳಿ. ನನಗೆ ಹೇಳಿ ಹೇಳಿ ಸಾಕಾಗಿದೆ."

ಈ ಇಬ್ಬರು ಮಾಲೀಕರೂ ಮನೆಗಳಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದವರು. ಅಸಲಿ, ನಕಲಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಅಸಲಿಯವರು ಹೊಸ ಯಂತ್ರವೊಂದನ್ನು ಹೊರತಂದರೆ ನಕಲಿಯವರು ಅದನ್ನು ಕೊಂಡು, ಬಿಚ್ಚಿ, ನೋಡಿ, ಅಂಥದೇ ಒಂದನ್ನು ಅಗ್ಗಕ್ಕೆ ಮಾರುತ್ತಿದ್ದರು. ಒಮ್ಮೆ ಅಸಲಿಯವರು ಪೆಟ್ಟಿಗೆಯ ಹಿಂದೆ ತಪ್ಪಾಗಿ ಒಂದು ತೂತು ಕೊರೆದು, ಅದಕ್ಕೆ ರಬ್ಬರಿನ ಬಿರಡೆ ತುರುಕಿದ್ದರು. ನಕಲಿಯವರ ಯಂತ್ರಕ್ಕೂ ತೂತು ಬಂತು, ಬಿರಡೆಯೂ ಬಂತು. "ನಕಲಿಗಳಿವೆ, ಎಚ್ಚರಿಕೆ" ಎಂದು ಅಸಲಿಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಮರುವಾರ ನಕಲಿಯವರೂ "ನಕಲಿಗಳಿವೆ, ಎಚ್ಚರಿಕೆ" ಎಂದು ಕೊಟ್ಟರು. ಮೊಕದ್ದಮೆಯೂ ಆಯಿತು. ನ್ಯಾಯಾಧೀಶರು ಎರಡು ಯಂತ್ರಗಳನ್ನೂ ಮೇಜಿನ ಮೇಲೆ ಇರಿಸಿಕೊಂಡು, ಊಟಕ್ಕೆ ಹೋಗಿ ಬಂದ ಮೇಲೆ ಯಾವುದು ಯಾರದೆಂದು ಮರೆತರು. ಮೊಕದ್ದಮೆ ಅಲ್ಲಿಗೇ ನಿಂತಿತು.

ಅಂಥ ನಕಲಿಯವರು ಅಸಲಿಯವರ ಮನೆಯ ಹೊಸ್ತಿಲು ದಾಟಿದಾಗ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ಕೋಣೆಯಲ್ಲಿ ದೇಹವನ್ನು ಮಲಗಿಸಿದ್ದರು. ಊಟದ ಮೇಜಿನ ಮೇಲೆ ಏನನ್ನೋ ಟವೆಲಿನಿಂದ ಮುಚ್ಚಿದ್ದರು. ಅಸಲಿಯವರ ಹೆಂಡತಿಯ ತಮ್ಮ ಎದ್ದುಹೋಗಿ ಆ ಮೇಜಿಗೆ ಬೆನ್ನು ಕೊಟ್ಟು ನಿಂತ.

"ಅತ್ತಿಗೆ," ಎಂದರು ನಕಲಿಯವರು.

"ಯಾವ ಲೆಕ್ಕದಲ್ಲಿ ಅತ್ತಿಗೆ?" ಎಂದ ತಮ್ಮ. "ಭಾವ ನಿಮಗೆ ಅಣ್ಣ ಆಗಿದ್ದು ಯಾವಾಗ, ಕೋರ್ಟಿನಲ್ಲಾ?"

"ಅವರನ್ನ ನೋಡ್ಕೊಂಡೇ ಹೊಟ್ಟೆ ಹೊರೆದೋನಪ್ಪ ನಾನು. ಇನ್ನೇನಂತ ಕರೀಲಿ?"

ನಕಲಿಯವರು ದೇಹದ ಕಾಲ ಬಳಿ ಕುಸಿದು ಕೂತು ಅತ್ತರು. ಅಲ್ಲಿ ಅಷ್ಟು ಜೋರಾಗಿ ಇನ್ನಾರೂ ಅತ್ತಿರಲಿಲ್ಲ. ಆದ್ದರಿಂದ ಯಾರನ್ನೋ ನೋಡಿ ಅತ್ತರು ಎನ್ನುವಂತೆಯೂ ಇರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ಮುಂದಿನ ಯಂತ್ರ ಮುಗಿದಿತ್ತಾ?"

"ನೋಡಿದ್ಯಾ ಅಕ್ಕ? ಹೆಣ ಇನ್ನೂ ಮನೇಲಿದೆ, ಇವರು ಮಾಲು ಕೇಳ್ತಿದ್ದಾರೆ."

"ಹಾಗಲ್ಲಪ್ಪ. ನಾಳೆ ನಮ್ಮ ಹುಡುಗರು ಕೆಲಸಕ್ಕೆ ಬಂದು, ಏನು ಮಾಡೋಣ ಅಂತ ಕೇಳ್ತಾರೆ. ಇಷ್ಟು ವರ್ಷ ಈ ಕಡೆ ಕೈ ತೋರಿಸ್ತಿದ್ದೆ. ನಾಳೆ ಎತ್ತ ತೋರಿಸಲಿ?"

"ನಮ್ಮ ಹುಡುಗರೂ ಅದನ್ನೇ ಕೇಳ್ತಾರೆ," ಎಂದರು ಅಸಲಿಯವರ ಹೆಂಡತಿ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. ಎದ್ದು, ತಮ್ಮನನ್ನು ಪಕ್ಕಕ್ಕೆ ಸರಿಸಿ, ಟವೆಲು ತೆಗೆದರು.

ಪೆಟ್ಟಿಗೆ ಇತ್ತು, ಪರದೆ ಇತ್ತು, ಕೀಲಿಮಣೆ ಇತ್ತು. ತೆರೆದ ಪೆಟ್ಟಿಗೆಯೊಳಗೆ ನಟ್ಟನಡುವೆ ಮಾತ್ರ ಅಂಗೈಯಷ್ಟು ಜಾಗ ಖಾಲಿ. ಸುತ್ತಲಿನ ತಂತಿಗಳ ತುದಿಗಳೆಲ್ಲ ಆ ಜಾಗದ ಕಡೆಗೆ ಬಾಗಿ ನಿಂತಿದ್ದವು.

"ಇಲ್ಲೇನು ಬರುತ್ತೆ?"

"ಗೊತ್ತಿಲ್ಲ. ಯಾರಿಗೂ ಹೇಳಿರಲಿಲ್ಲ."

ನಕಲಿಯವರು ತಿರುಗಿ, ಮಲಗಿದ್ದವರ ಮುಖವನ್ನೇ ನೋಡಿದರು. ಅಲ್ಲಿಂದ ಏನೂ ಬರಲಿಲ್ಲ.

"ತಗೊಂಡು ಹೋಗಿ," ಎಂದರು ಆಕೆ.

"ಅಕ್ಕಾ, ತಲೆ ನೆಟ್ಟಗಿದೆಯಾ?"

"ಸುಮ್ಮನಿರೋ. ನೀನು ಮುಗಿಸ್ತೀಯಾ? ಒಂದು ಸ್ಕ್ರೂ ಬಿಗಿಯೋಕೂ ಭಾವನ್ನ ಕೂಗ್ತಿದ್ದೆ." ಆಮೇಲೆ ನಕಲಿಯವರಿಗೆ ಹೇಳಿದರು: "ನೀವು ಮುಗಿಸಿ ಅಂಗಡೀಲಿ ಇಡಿ. ನಾವು ಒಂದು ಕೊಂಡು ತಂದು, ಬಿಚ್ಚಿ ನೋಡಿ, ಹಾಗೇ ಮಾಡ್ಕೊತೀವಿ."

ನಕಲಿಯವರು ಒಂದು ಹೆಜ್ಜೆ ಹಿಂದೆ ಸರಿದರು. "ನಾನಾ? ಯಾವುದನ್ನ ನೋಡಿ?"

"ಯಾವುದನ್ನೂ ನೋಡದೆ."

"ತಪ್ಪಾಗಿಬಿಟ್ರೆ?"

"ತಪ್ಪನ್ನೂ ಸೇರಿಸಿ ಮಾಡ್ಕೊತೀವಿ. ನೀವು ಮಾಡಲಿಲ್ವಾ?"

ಅಷ್ಟರಲ್ಲಿ ಹೊರಗೆ ಗಾಡಿ ಬಂದು ನಿಂತಿತು. ದೇಹವನ್ನು ಎತ್ತುವ ಮೊದಲು ಯಾರಾದರೂ ದೇವರಲ್ಲಿ ಒಂದು ಮಾತು ಬೇಡಿಕೊಳ್ಳಬೇಕಿತ್ತು. "ಇವರೇ ಹೇಳಲಿ," ಎಂದರು ಆಕೆ, ನಕಲಿಯವರನ್ನು ತೋರಿಸಿ. ಎಲ್ಲರೂ ಕಣ್ಣು ಮುಚ್ಚಿ ಕೈ ಜೋಡಿಸಿದರು. ನಕಲಿಯವರೂ ಜೋಡಿಸಿದರು. ಅವರು ಒಂದು ಕಣ್ಣು ತೆರೆದು ಅಕ್ಕಪಕ್ಕದವರ ತುಟಿಗಳನ್ನು ನೋಡಿದರು. ಒಂದೂ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡರು.

"ದೇವರೇ," ಎಂದರು. "ಇವರ ಆತ್ಮಕ್ಕೆ ಶಾಂತಿ ಕೊಡು. ಅಲ್ಲೂ ಇವರು ಸುಮ್ಮನೆ ಕೂರೋರಲ್ಲ, ಏನಾದ್ರೂ ಮಾಡ್ತಾನೇ ಇರ್ತಾರೆ. ನಾನು ಬರೋ ತನಕ ಅದನ್ನ ಯಾರೂ ನೋಡದೇ ಇರೋ ಹಾಗೆ ಮಾಡು."