ಹನ್ನೊಂದನೆಯ ದನಿ

ಹನ್ನೊಂದನೆಯ ದನಿ ಸುಳ್ಳಾಗಿತ್ತು.

ಹವಾಲ್ದಾರರು ಹಾಜರಿ ಕೂಗುವುದನ್ನು ಅಲ್ಲಿಗೇ ನಿಲ್ಲಿಸಿದರು. ಸೈಕಲ್ ಷಾಪಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಾಲಾಗಿ ನಿಂತವರು ಉಸಿರು ಬಿಗಿಹಿಡಿದರು.

"ಹನ್ನೊಂದು," ಎಂದು ಮತ್ತೊಮ್ಮೆ ಕೂಗಿದರು.

"ಹಾಜರ್."

ಇನ್ನು ಅನುಮಾನವೇ ಉಳಿಯಲಿಲ್ಲ. ಈ ಷಾಪಿನ ಯಜಮಾನನಾದ ಹನ್ನೊಂದು, ನಲವತ್ತು ವರ್ಷಗಳಲ್ಲಿ ಒಮ್ಮೆಯೂ ತನ್ನ ನಂಬರನ್ನು ಪೂರ್ತಿ ಕೂಗಲು ಬಿಟ್ಟವನಲ್ಲ. ಅರ್ಧಕ್ಕೇ ಬಾಯಿ ಹಾಕುತ್ತಿದ್ದ. ಅದಕ್ಕಾಗಿ ಪಡೆಯಲ್ಲಿದ್ದಾಗ ಎಷ್ಟೋ ಸಲ ಮೈದಾನ ಸುತ್ತಿಸಿದ್ದರೂ ಚಾಳಿ ಬಿಟ್ಟಿರಲಿಲ್ಲ. ಈ ಪುಣ್ಯಾತ್ಮನೋ, ನಂಬರು ಮುಗಿಯುವವರೆಗೂ ಕಾದು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಉತ್ತರ ಕೊಡುತ್ತಿದ್ದ.

ಹವಾಲ್ದಾರರ ಕಣ್ಣು ಯುದ್ಧದಲ್ಲೇ ಹೋಗಿದ್ದವು. ಮನೆಯಲ್ಲಿ ಅವರು ಗೋಡೆ ಹಿಡಿದು ನಡೆಯುವ ಒಬ್ಬ ಮುದುಕ. ಸೊಸೆ ತಟ್ಟೆಯನ್ನು ಕೈಗೆ ಮುಟ್ಟಿಸಿದರೆ ಊಟ. ವರ್ಷಕ್ಕೊಮ್ಮೆ, ದಳ ಯುದ್ಧದಿಂದ ಹಿಂದಿರುಗಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಈ ಶೆಡ್ಡಿನಲ್ಲಿ ಮಾತ್ರ ಅವರು ಹವಾಲ್ದಾರ. ಇಪ್ಪತ್ತೆರಡು ನಂಬರು ಕೂಗಿ, ಇಷ್ಟು ಜನ ಬದುಕಿದ್ದಾರೆಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅದನ್ನು ನೋಡಿಯೇ ಕಚೇರಿಯವರು ಮಾಜಿ ಸೈನಿಕರ ಕಾರ್ಡು ಹೊಸದು ಮಾಡಿಕೊಡುತ್ತಿದ್ದರು. ಕಾರ್ಡಿದ್ದರೆ ಆಸ್ಪತ್ರೆಯಲ್ಲಿ ಹಾಸಿಗೆ, ಸತ್ತರೆ ಮೈಮೇಲೆ ಬಾವುಟ. ಆ ಹೆಬ್ಬೆಟ್ಟಿನ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಇನ್ನೊಂದು ಹೆಮ್ಮೆಯೂ ಇತ್ತು. ಬೇರೆ ದಳಗಳಲ್ಲಿ ವರ್ಷಕ್ಕೆ ಇಬ್ಬರು ಮೂವರು ಉದುರಿಹೋಗುತ್ತಿದ್ದರಂತೆ. ಇವರದರಲ್ಲಿ ಒಬ್ಬನೂ ಜಗ್ಗಿರಲಿಲ್ಲ. "ಎಲ್ಲಾ ಗಟ್ಟಿ ಪಿಂಡಗಳು ಕಣೋ," ಎಂದರೆ ಹನ್ನೊಂದು, "ನೀವು ಓಡಿಸಿದ ಓಟ ಹಾಗಿತ್ತು," ಎಂದು ನಗುತ್ತಿದ್ದ. ಕುಂಟುತ್ತಿದ್ದ ಏಳನೆಯವನು ಕೂಡ ಈಚೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದ. ಹೊಸ ಕಾಲು ಹಾಕಿಸಿಕೊಂಡಿದ್ದಾನೆಂದು ಹನ್ನೊಂದೇ ಹೇಳಿದ್ದ. ತಿಂಗಳಿಗೊಮ್ಮೆ ಮನೆಗೆ ಬಂದು ಎಲ್ಲರ ಸುದ್ದಿ ಹೇಳುತ್ತಿದ್ದವನು ಅವನು. ಹಾಜರಿಯ ದಿನ ಕೈಹಿಡಿದು ಕರೆತರುತ್ತಿದ್ದವನೂ ಅವನೇ. ಎರಡು ತಿಂಗಳಿಂದ ಮಂಡಿನೋವೆಂದು ಬಂದಿರಲಿಲ್ಲ. ಇವತ್ತು ಮನೆಬಾಗಿಲಿಗೆ ಬಂದದ್ದು ಬಾಡಿಗೆ ಕಾರು.

"ಮುಂದೆ ಬಾ. ಕೈ ಕೊಡು," ಎಂದರು ಹವಾಲ್ದಾರರು.

ಕೈ ಬಂತು. ಹನ್ನೊಂದರ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಎಷ್ಟು ತಿಕ್ಕಿ ತೊಳೆದರೂ ಅದರಿಂದ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ. ಈ ಕೈಗೆ ಐದೂ ಬೆರಳಿದ್ದವು, ಸೋಪಿನ ವಾಸನೆಯಿತ್ತು.

"ಯಾರಪ್ಪ ನೀನು?"

"ಅವರ ಮಗ, ದೊಡ್ಡಪ್ಪ. ಅಪ್ಪ ಹೋಗಿ ಎರಡು ತಿಂಗಳಾಯ್ತು. ನಿಮಗೆ ಹೇಳ್ಬೇಡ ಅಂದಿದ್ರು."

ಎರಡು ತಿಂಗಳು. ಹೋದ ವಾರವಷ್ಟೇ ಅವನು ಮಂಡಿಗೆ ಹಚ್ಚಿಕೊಳ್ಳಲೆಂದು ಹವಾಲ್ದಾರರು ಎಣ್ಣೆ ಕಳಿಸಿದ್ದರು. ಸೊಸೆ ಏನೂ ಹೇಳದೆ ಬಾಟಲಿ ತೆಗೆದುಕೊಂಡು ಹೋಗಿದ್ದಳು. ಸಾಲಿನ ಮುಂದೆ ನಿಂತು ಅತ್ತು ಅಭ್ಯಾಸವಿಲ್ಲದ್ದರಿಂದ ಅಳು ಸಿಟ್ಟಾಗಿ ಹೊರಬಿತ್ತು.

"ಸತ್ತವನ ಕಾರ್ಡಿಗೆ ನನ್ನ ಹೆಬ್ಬೆಟ್ಟು ಬೇಕಾಗಿತ್ತಾ?"

"ಕಾರ್ಡು ಆ ವಾರವೇ ವಾಪಸ್ ಕೊಟ್ಟಿದ್ದೀವಿ. ಆ ಕಾಗದವನ್ನ ಕಚೇರಿಯವರು ಈಗ ಕೇಳೋದೇ ಇಲ್ಲ, ದೊಡ್ಡಪ್ಪ. ವರ್ಷ ವರ್ಷ ಅದು ಅಪ್ಪನ ಟ್ರಂಕಿಗೆ ಹೋಗ್ತಿತ್ತು."

ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ.

"ನನ್ನ ಸಾಲಲ್ಲಿ ಕಳ್ಳ ಹಾಜರಿ ನಡೆಯಲ್ಲ. ನಡಿ ಆಚೆ," ಎಂದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಇನ್ನೊಬ್ಬರ ನಂಬರಿಗೆ ಹಾಜರ್ ಅನ್ನೋರು ಬೇರೆ ಯಾರಾದ್ರೂ ಇದ್ರೆ, ಅವರೂ ಸಾಲು ಬಿಟ್ಟು ಹೊರಡಬಹುದು."

ಸುಮ್ಮನೆ ಗದರಿಸಲು ಆಡಿದ ಮಾತದು.

ಒಂದು ಜೊತೆ ಚಪ್ಪಲಿ ಬಾಗಿಲ ಕಡೆ ಸರಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಆಮೇಲೆ ಎಣಿಕೆ ತಪ್ಪಿತು. ಸಿಮೆಂಟು ನೆಲದ ಮೇಲೆ ಅವರೆಲ್ಲ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ನಡೆದುಹೋದರು. ಒಂದು ಹೆಜ್ಜೆಯೂ ಮುದುಕರದಾಗಿರಲಿಲ್ಲ.

"ಹನ್ನೆರಡು," ಎಂದು ಕೂಗಿದರು ಹವಾಲ್ದಾರರು.

ಉತ್ತರ ಬರಲಿಲ್ಲ.

"ಹದಿಮೂರು."

ಹೊರಗೆ ಯಾರೋ ಬಿಕ್ಕಿದ ಸದ್ದು. ಶುರು ಮಾಡಿದ ಹಾಜರಿಯನ್ನು ನಡುವೆ ಬಿಟ್ಟು ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂದರವರೆಗೂ ಒಂದೊಂದನ್ನೇ ಕೂಗಿದರು, ಒಂದೊಂದಕ್ಕೂ ಕಾದರು. ಇಪ್ಪತ್ತೆರಡು ಅವರದೇ ನಂಬರು. ಅದನ್ನೂ ಕೂಗಿದರು.

"ಹಾಜರ್," ಎಂದು ತಾವೇ ಹೇಳಿಕೊಂಡರು. ಖಾಲಿ ಶೆಡ್ಡಿನಲ್ಲಿ ಆ ದನಿ ಅವರಿಗೇ ಅಪರಿಚಿತವಾಗಿ ಕೇಳಿಸಿತು.

ಹನ್ನೊಂದರ ಮಗ ಮಾತ್ರ ಬಾಗಿಲಲ್ಲೇ ನಿಂತಿದ್ದ. ಅವನು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು.

"ಯಾವಾಗಿಂದಪ್ಪ ಇದು?" ಎಂದು ಹವಾಲ್ದಾರರು ಆ ಕಡೆ ತಿರುಗಿ ಕೇಳಿದರು.

"ಒಬ್ಬೊಬ್ಬರೇ ಹೋದ ಹಾಗೆ ಅವರ ಮಗನೋ ಅಳಿಯನೋ ಬಂದು ನಿಲ್ತಿದ್ರು. ಹೋದ ವರ್ಷ ನಿಜವಾಗಿ ಇದ್ದೋರು ನೀವು, ಅಪ್ಪ ಇಬ್ಬರೇ, ದೊಡ್ಡಪ್ಪ."

ಕಣ್ಣು ಹೋದ ಮೇಲೆ ಹವಾಲ್ದಾರರು ನಂಬಿದ್ದು ಕಿವಿಯೊಂದನ್ನೇ.

"ಅವರ ದನಿಯೆಲ್ಲ ಸರಿಯಾಗೇ ಇತ್ತಲ್ಲೋ," ಎಂದರು. "ನಿನ್ನದೊಂದೇ ತಪ್ಪಿದ್ದು."

"ಅವರವರ ಅಪ್ಪಂದಿರು ಹೇಗೆ ಹಾಜರ್ ಅಂತಿದ್ರು ಅಂತ ಒಬ್ಬೊಬ್ಬರನ್ನೂ ಇಲ್ಲೇ ನಿಲ್ಲಿಸ್ಕೊಂಡು ಕಲಿಸಿದ್ದು ನಮ್ಮಪ್ಪ," ಎಂದ ಹನ್ನೊಂದರ ಮಗ. "ನಮ್ಮಪ್ಪ ಹೇಗೆ ಅಂತಿದ್ರು ಅಂತ ನನಗೆ ಕಲಿಸೋಕೆ ಯಾರೂ ಉಳಿದಿರಲಿಲ್ಲ."