ಬರೀ ತಾಲೀಮು

ಎಸಿಯಿಂದ ಸೋರಿದ ನೀರು ನೇರವಾಗಿ ಸರ್ವರಿನ ಮೇಲೆ ಬಿದ್ದು, ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳೆಲ್ಲ ಕೈಯೆತ್ತಿದ್ದವು. ಗಾಬರಿಪಡುವಂಥದ್ದೇನೂ ಇರಲಿಲ್ಲ. ಇಂಥ ದಿನಕ್ಕೆಂದೇ ಲ್ಯಾಬಿನವರು ಒಂದು ಸಾಫ್ಟ್‌ವೇರ್ ಕೊಂಡಿದ್ದರು. ಎಲ್ಲ ರಿಪೋರ್ಟುಗಳ ನಕಲನ್ನೂ ಅದು ಕ್ಲೌಡಿನಲ್ಲಿ ಜೋಪಾನವಾಗಿ ಇಟ್ಟಿರುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿಂದ ಕೆಲಸ ಮುಂದುವರಿಯುತ್ತದೆ. ಯಾರಾದರೂ ಪರದೆಯ ಮೇಲಿನ ಕೆಂಪು ಗುಂಡಿ ಒತ್ತಿದರೆ ಸಾಕು. ಆದರೆ ಆ ಗುಂಡಿಯ ಮೇಲೆ ‘ವಿಪತ್ತು ಘೋಷಿಸಿ’ ಎಂದು ಬರೆದಿತ್ತು.

“ವಿಪತ್ತಾ? ಯಾರ್ರೀ ಹೇಳಿದ್ದು ವಿಪತ್ತು ಅಂತ?” ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. “ಸ್ವಲ್ಪ ನೀರು ಬಿದ್ದಿದೆ. ಒರೆಸಿ.”

“ಒರೆಸಾಯ್ತು ಸಾರ್,” ಎಂದ ಸಿಸ್ಟಮ್ ನೋಡಿಕೊಳ್ಳುವವನು. “ಸರ್ವರ್ ಸತ್ತೋಗಿದೆ.”

ಮ್ಯಾನೇಜರ ಬಡ್ತಿಯ ಮಾತು ನಡೆದಿತ್ತು. ತಮ್ಮ ಕಾಲದಲ್ಲಿ ಒಂದೇ ಒಂದು ವಿಪತ್ತೂ ಆಗಿಲ್ಲವೆಂದು ಮೇಲಿನವರ ಮುಂದೆ ಎದೆ ತಟ್ಟಿಕೊಂಡು ಬಂದು ಇನ್ನೂ ವಾರವಾಗಿರಲಿಲ್ಲ. ಈಗ ಗುಂಡಿ ಒತ್ತಿದರೆ ಮರುಕ್ಷಣವೇ ಅವರಿಗೆಲ್ಲ ಸುದ್ದಿ ಹೋಗುತ್ತದೆ. ಮ್ಯಾನೇಜರ ಪೆಚ್ಚುಮೋರೆ ನೋಡಿ ಸಿಸ್ಟಮಿನವನ ಕರುಳು ಚುರ್ ಎಂದಿತು. ಮೇಲಧಿಕಾರಿಗಳ ವಿಷಯದಲ್ಲಿ ಅವನ ಕರುಳು ಬಲು ಮೆತ್ತಗೆ.

“ಸಾರ್, ಪಕ್ಕದಲ್ಲೇ ಹಸಿರು ಗುಂಡಿ ಇದೆ. ತಾಲೀಮು ಅಂತ. ಅದನ್ನ ಒತ್ತಿದ್ರೂ ಕಂಪ್ಯೂಟರೆಲ್ಲ ಏಳ್ತವೆ. ಮೇಲಿನವರಿಗೆ ಬರೀ ತಾಲೀಮು ನಡೀತಿದೆ ಅಂತ ಹೋಗತ್ತೆ.”

“ನೋಡಪ್ಪ, ತಲೆ ಅಂದ್ರೆ ಇದು!”

ಹಸಿರು ಒತ್ತಿದರು. ಕಂಪ್ಯೂಟರುಗಳು ಎದ್ದು ಕೂತವು, ಮ್ಯಾನೇಜರು ನಿರಾಳವಾಗಿ ಉಸಿರುಬಿಟ್ಟರು. ತಾಲೀಮೆಂದರೆ ನಾಲ್ಕು ಗೋಡೆಯೊಳಗಿನ ಆಟ. ಒಳಗೆ ಎಲ್ಲವೂ ನಡೆದಂತೆ ಕಾಣುತ್ತದೆ, ಹೊರಗೆ ಒಂದು ರಿಪೋರ್ಟೂ ಹೋಗುವುದಿಲ್ಲ. ಸಾಫ್ಟ್‌ವೇರಿನವರು ಬಂದು ಇದನ್ನು ಹೇಳಿಕೊಟ್ಟ ದಿನ ಸಿಸ್ಟಮಿನವನು ಮ್ಯಾನೇಜರಿಗೆ ಕಾಫಿ ತರಿಸುವ ಗಡಿಬಿಡಿಯಲ್ಲಿದ್ದ.

ಮಧ್ಯಾಹ್ನ ಒಬ್ಬ ಹೆಂಗಸು ಏದುಸಿರು ಬಿಡುತ್ತ ಕೌಂಟರಿಗೆ ಬಂದಳು. “ನಿಮ್ಮ ರಿಪೋರ್ಟ್ ಬಂದಿಲ್ಲ ಅಂತ ಆಸ್ಪತ್ರೆಲಿ ನನ್ನ ತಮ್ಮನ್ನ ಆಪರೇಷನ್ ಥಿಯೇಟರ್ ಬಾಗಿಲಿಂದ ವಾಪಸ್ ಕಳ್ಸಿದ್ದಾರೆ. ಡಾಕ್ಟ್ರು ಇನ್ನು ಸ್ವಲ್ಪ ಹೊತ್ತು ಮಾತ್ರ ಕಾಯ್ತಾರಂತೆ.”

“ನಿನ್ನೆ ಸಂಜೆನೇ ರೆಡಿ ಆಗಿದ್ಯಲ್ಲಮ್ಮ.” ಸಿಸ್ಟಮಿನವನು ಲ್ಯಾಪ್‌ಟಾಪನ್ನೇ ಅವಳತ್ತ ತಿರುಗಿಸಿದ. “ನೋಡಿ, ಇವತ್ತು ಬೆಳಗ್ಗೆನೇ ‘ಕಳುಹಿಸಲಾಗಿದೆ’. ಬೇಕಾದ್ರೆ ಇನ್ನೊಂದ್ಸಲ ಕಳಿಸ್ತೀನಿ. ಹಾಂ, ಹೋಯ್ತು.”

“ಅಲ್ಲಿಗೆ ಒಂದ್ಸಲಾನೂ ಬಂದಿಲ್ಲ. ಕಾಗದದಲ್ಲಾದ್ರೂ ಕೊಡಿ.”

ಪರದೆ ‘ಮುದ್ರಿಸಲಾಗಿದೆ’ ಎಂದಿತು. ಪ್ರಿಂಟರು ಮಿಸುಕಲಿಲ್ಲ.

“ಹೋಗ್ಲಿ, ಇದರದ್ದೇ ಒಂದು ಫೋಟೋ ಹೊಡ್ಕೊತೀನಿ.”

“ಛೆ ಛೆ, ಫೋಟೋ ಎಲ್ಲ ನಡಿಯಲ್ಲಮ್ಮ,” ಎನ್ನುತ್ತ ಮ್ಯಾನೇಜರು ಒಳಗಿಂದ ಬಂದರು. “ಲ್ಯಾಬಿಂದ ನೇರವಾಗಿ ಹೋಗದೇ ಇದ್ರೆ ಡಾಕ್ಟ್ರು ಅದನ್ನ ಮುಟ್ಟೋದೂ ಇಲ್ಲ.”

ಹೆಂಗಸಿನ ಕಣ್ಣು ಪರದೆಯ ಮೂಲೆಗೆ ಹೋಯಿತು. “ಈ ಕೆಂಪು ಗುಂಡಿ ಏನು?”

ಅಷ್ಟರಲ್ಲಿ ಸಿಸ್ಟಮಿನವನಿಗೆ ತಾನು ಮಾಡಿದ್ದೇನೆಂದು ಹೊಳೆದಿತ್ತು. “ಅದು... ಅದನ್ನ ಒತ್ತಿದ್ರೆ ನಿಜವಾಗ್ಲೂ ಹೋಗತ್ತೆ.”

“ಹಾಗಾದ್ರೆ ಇಷ್ಟೊತ್ತು ಕಳ್ಸಿದ್ದು?”

“ತಾಲೀಮು.”

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಆತುರಪಡಬಾರದು. ಇದು ವಿಪತ್ತು ಹೌದೋ ಅಲ್ವೋ ಅಂತ ಕೂತು ಮಾತಾಡಿ ತೀರ್ಮಾನ ಮಾಡ್ತೀವಿ.”

“ನನ್ನ ತಮ್ಮ ಅಲ್ಲಿ ಸ್ಟ್ರೆಚರ್ ಮೇಲೆ ಮಲಗಿದಾನೆ. ನಿಮಗಿನ್ನೂ ತೀರ್ಮಾನ ಆಗ್ಬೇಕಾ?” ಎಂದವಳೇ ಕೈಚಾಚಿ ಗುಂಡಿ ಒತ್ತಿಬಿಟ್ಟಳು. ಪರದೆ ‘ಖಚಿತವೇ?’ ಎಂದು ಕೇಳಿತು. ಅದನ್ನೂ ಒತ್ತಿದಳು.

ಕೆಲವೇ ನಿಮಿಷಗಳಲ್ಲಿ ಪ್ರಿಂಟರು ಗರಗರ ಎಂದಿತು. ಅವಳ ಮೊಬೈಲು ರಿಂಗಣಿಸಿತು. ರಿಪೋರ್ಟು ತಲುಪಿತಂತೆ, ತಮ್ಮನನ್ನು ಒಳಗೆ ಕರೆದುಕೊಂಡರಂತೆ. ಅವಳು ಕಣ್ಣೊರೆಸಿಕೊಂಡು, ಇವರತ್ತ ತಿರುಗಿಯೂ ನೋಡದೆ ಓಡಿದಳು.

ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತರು. ಮೇಲಿನವರಿಗೆ ಸುದ್ದಿ ಹೋಗಿಯಾಗಿತ್ತು. ಈಗ ಪರದೆ ಇನ್ನೊಂದು ಪ್ರಶ್ನೆ ಕೇಳುತ್ತಿತ್ತು: ‘ವಿಪತ್ತಿಗೆ ಕಾರಣ?’

“ಎಸಿ ಸೋರಿತು ಅಂತ ಹಾಕ್ಲಾ ಸಾರ್?”

“ಎಸಿ ರಿಪೇರಿ ಈಗ ಬೇಡ ಅಂದಿದ್ದು ಯಾರು ಅಂತ ಕೇಳಿದ್ರೆ?”

ಬೇಡವೆಂದವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮ್ಯಾನೇಜರು ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು, ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪು ಮಾಡಿದರು:

‘ರೋಗಿಯ ಅಕ್ಕ.’