ನೀರು ಕುದಿಯುವ ಸದ್ದು

ಭವ್ಯಶ್ರೀ ಕೈಗಿಟ್ಟ ಬಿಳಿ ಕೋಲನ್ನು ಆಂಬ್ರೋಸ್ ತುದಿಯವರೆಗೂ ತಡವಿ ನೋಡಿ, ಹಾಗೆಯೇ ಅವಳ ಕಡೆಗೆ ಚಾಚಿದರು.

"ಇದು ಬೇಡ ಮಗಳೇ. ಗುಂಡು ತಾಗಿ ಕಣ್ಣು ಹೋದವರಿಗೆ ಕೊಡು. ನನ್ನದು ಹೋದದ್ದು ಸಕ್ಕರೆ ಕಾಯಿಲೆಯಿಂದ. ಅದೂ ಪೆನ್ಶನ್ ಆಗಿ ಹದಿನಾಲ್ಕು ವರ್ಷ ಕಳೆದ ಮೇಲೆ."

"ಸೇನೆಯಲ್ಲಿ ಇದ್ದಿರಲ್ಲ ಅಂಕಲ್?"

"ಇದ್ದೆ, ಇಪ್ಪತ್ತು ವರ್ಷ. ಬಂದೂಕು ಹಿಡಿದದ್ದಕ್ಕಿಂತ ಸೌಟು ಹಿಡಿದದ್ದೇ ಹೆಚ್ಚು. ನಾನು ಅಡುಗೆಯವ."

ಭವ್ಯಶ್ರೀ ಕುಂಬಳೆಯ ಒಂದು ಟ್ರಸ್ಟಿನವಳು. ದೃಷ್ಟಿ ಕಳೆದುಕೊಂಡ ಮಾಜಿ ಸೈನಿಕರನ್ನು ಹುಡುಕಿಕೊಂಡು ಊರೂರು ತಿರುಗುವುದು ಅವಳ ಕೆಲಸ. "ನಮ್ಮ ಫಾರ್ಮಿನಲ್ಲಿ ಎರಡೇ ಪ್ರಶ್ನೆ ಇರುವುದು ಅಂಕಲ್. ಸೇನೆಯಲ್ಲಿ ಇದ್ದಿರಾ, ಕಣ್ಣು ಕಾಣುವುದಿಲ್ಲವಾ. ಹೇಗೆ ಹೋಯಿತು ಅಂತ ಕೇಳುವ ಕಾಲಂ ಇಲ್ಲ."

ಆಂಬ್ರೋಸ್ ಕೋಲನ್ನು ಅವಳ ಕೈಗೇ ಇಟ್ಟು, ಗೋಡೆ ಹಿಡಿದು ಒಳಗೆ ನಡೆದರು. ಅವರ ಹೆಂಡತಿ ಕಾರ್ಮಿನ್ ಅವಳನ್ನು ಗೇಟಿನವರೆಗೆ ಬಿಡಲು ಬಂದವರು ಮೆಲ್ಲನೆ ಕೇಳಿದರು, "ಕಣ್ಣು ಕಾಣದ ಸೈನಿಕರಿಗೆ ಶನಿವಾರ ನಿಮ್ಮ ಟ್ರಸ್ಟಿನ ಕ್ಯಾಂಪ್ ಉಂಟು ಅಂದೆಯಲ್ಲ, ಎಷ್ಟು ಗಂಟೆಗೆ?"

ಕಾರಡ್ಕದ ಕ್ಯಾಂಪಿಗೆ ಆಂಬ್ರೋಸ್ ಬಂದದ್ದು ಕಾರ್ಮಿನ್ ಒತ್ತಾಯಕ್ಕೆ. ಬೇಗ ಎದ್ದುಹೋಗುವವರ ಹಾಗೆ ಬೆಂಚಿನ ಅಂಚಿನಲ್ಲಿ ಕುಳಿತರು. ಪಕ್ಕದವರನ್ನು ಭವ್ಯಶ್ರೀ ಪರಿಚಯಿಸಿದಳು: ಕೇಶವಪ್ರಸಾದ, ಕಾಶ್ಮೀರದಲ್ಲಿ ನೆಲಬಾಂಬು ಸಿಡಿದು ಎರಡೂ ಕಣ್ಣು ಕಳೆದುಕೊಂಡವರು. ಅದನ್ನು ಕೇಳಿ ಆಂಬ್ರೋಸರ ದನಿ ತಗ್ಗಿತು.

"ನಾನು ಇಲ್ಲಿ ಕೂತದ್ದಕ್ಕೆ ನಿಮಗೆ ಬೇಸರ ಇಲ್ಲವಾ? ಯುದ್ಧದಲ್ಲಿ ನಾನು ಎಂತದೂ ಕಳ್ಕೊಂಡವನಲ್ಲ. ಲಡಾಖಿನಲ್ಲಿ ಅನ್ನ ಬೇಯಿಸ್ತಿದ್ದೆ."

ಕೇಶವಪ್ರಸಾದ ಥಟ್ಟನೆ ತಿರುಗಿದರು. "ಅಷ್ಟು ಎತ್ತರದಲ್ಲಿ ಅನ್ನ ಬೇಯುವುದೇ ಇಲ್ಲ ಮಾರಾಯ್ರೆ. ನಾವು ಒಂದಿಡೀ ಚಳಿಗಾಲ ಅರೆಬೆಂದದ್ದನ್ನು ಅಗಿದಿದ್ದೇವೆ. ನೀವು ಎಂತ ಮಾಡ್ತಿದ್ದಿರಿ?"

"ರಾತ್ರಿಯೇ ಅಕ್ಕಿ ನೆನೆಹಾಕ್ತಿದ್ದೆ. ನೀರು ಗಟ್ಟಿಯಾಗದ ಹಾಗೆ ಆ ಪಾತ್ರೆಯನ್ನು ನಾನು ಮಲಗುವ ಚೀಲದ ಒಳಗೇ ಇಟ್ಕೊಳ್ತಿದ್ದೆ. ನಮ್ಮ ಪೋಸ್ಟಿನಲ್ಲಿ ಎಂಟು ಜನ. ಅರೆಬೆಂದದ್ದು ಯಾರೂ ತಿನ್ನಲಿಲ್ಲ."

ಕೇಶವಪ್ರಸಾದ ಅವರ ಕಡೆಗೆ ಸರಿದು ಕುಳಿತರು. ಆಮೇಲೆ, "ನನಗೆ ಇವತ್ತಿಗೂ ಒಂದು ಲೋಟ ಚಾ ಮಾಡಲು ಬರುವುದಿಲ್ಲ. ಬೆಂಕಿಯ ಬಿಸಿ ತಾಗಿದರೆ ಸಾಕು, ಕೈ ಹಿಂದೆ ಸರಿಯುತ್ತದೆ" ಎಂದರು.

"ಕಣ್ಣು ಹೋದ ಮೇಲೆ ನಾನೂ ಅಡುಗೆಮನೆಗೆ ಕಾಲಿಟ್ಟಿಲ್ಲ." ಆಂಬ್ರೋಸ್ ಭವ್ಯಶ್ರೀಯನ್ನು ಕರೆದು ಕೇಳಿದರು. "ಇಲ್ಲಿ ಒಲೆ ಉಂಟಾ?"

ಭವ್ಯಶ್ರೀ ಇಬ್ಬರನ್ನೂ ಸಭಾಂಗಣದ ಹಿಂದಿದ್ದ ಅಡುಗೆಕೋಣೆಗೆ ಕರೆದೊಯ್ದಳು. ಕ್ಯಾಂಪಿಗೆ ಬಂದಿದ್ದ ಇನ್ನಿಬ್ಬರು ಕುರುಡು ಸೈನಿಕರು ಕೋಲೂರಿಕೊಂಡು ಹಿಂಬಾಲಿಸಿದರು. ಆಂಬ್ರೋಸ್ ಪಾತ್ರೆಯ ಆಳವನ್ನು ಬೆರಳಿನಿಂದ ಅಳೆದು ನೀರು ತುಂಬಿದರು, ಒಲೆಯ ಮೇಲೆ ಕೂರಿಸಿದರು, ಲೈಟರ್ ಒತ್ತಿದರು. ಬಾಗಿಲಲ್ಲಿ ನಿಂತ ಕಾರ್ಮಿನ್ 'ಜಾಗ್ರತೆ' ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

"ಕೈ ಬೇಡ, ಕಿವಿ ಕೊಡಿ," ಎಂದರು ಆಂಬ್ರೋಸ್. "ಮೊದಲು ಮರಳು ಸುರಿದ ಹಾಗೆ ಕೇಳ್ತದೆ. ಅದು ಮುಗಿದು ದೊಡ್ಡ ಸದ್ದು ಬರ್ತದೆ. ಆಗ ಚಾಪುಡಿ."

"ಈಗಲಾ, ಉಸ್ತಾದ್?" ಕೇಶವಪ್ರಸಾದ ಕೇಳಿದರು. ಸೇನೆಯಲ್ಲಿ ತರಬೇತಿ ಕೊಡುವವರನ್ನು ಕರೆಯುವ ಮಾತು ಅದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಂಬ್ರೋಸರನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಇನ್ನೂ ಇಲ್ಲ," ಎಂದರು ಅವರು, ಬೆನ್ನು ನೆಟ್ಟಗೆ ಮಾಡಿಕೊಂಡು.

ನಾಲ್ವರೂ ಒಲೆಯ ಸುತ್ತ, ಗಡಿಯಲ್ಲಿ ಪಹರೆ ನಿಂತವರ ಹಾಗೆ ಉಸಿರು ಬಿಗಿಹಿಡಿದು, ನೀರಿನ ಸದ್ದಿಗೆ ಕಾದು ನಿಂತರು.